ವಾರಕ್ಕೆ ನಾಲ್ಕು ದಿನ ತಲೆನೋವು, ನಾಲ್ಕು ದಿನ ಗುಳಿಗೆ

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಎರಡನೇ ವರ್ಷ ಓದುತ್ತಿದ್ದೇನೆ. ಊರು ಬ್ಯಾಡಗಿ ಹತ್ತಿರ. ಪಿಯುಸಿಯಿಂದಲೂ ತಿಂಗಳಿಗೆ ಒಂದೆರಡು ಸಲ ತಲೆನೋವು ಬರುತ್ತಿತ್ತು. ಒಂದೇ ಕಡೆ, ನಾಡಿ ಬಡಿದ ಹಾಗೆ. ಬೆಳಕು ಆಗುವುದಿಲ್ಲ, ಕೆಲವೊಮ್ಮೆ ವಾಂತಿ. ಈಗ ನಾಲ್ಕು ತಿಂಗಳಿಂದ ವಾರದಲ್ಲಿ ನಾಲ್ಕು ದಿನ ತಲೆನೋವು ಇದ್ದೇ ಇರುತ್ತದೆ. ಬಂದ ದಿನ ಸಾರಿಡಾನ್ ನುಂಗಿ ಕ್ಲಾಸಿಗೆ ಹೋಗುತ್ತೇನೆ. ಕಳೆದ ಫಾರ್ಮಕಾಲಜಿ ಇಂಟರ್ನಲ್ಸ್‌ನಲ್ಲಿ ಗೊತ್ತಿದ್ದ ಉತ್ತರವೇ ನೆನಪಾಗಲಿಲ್ಲ. ಗೆಳತಿಯರು ಟೆನ್ಷನ್ ಅನ್ನುತ್ತಾರೆ, ಅವ್ವ ಪಿತ್ತ ಅನ್ನುತ್ತಾಳೆ. ನನಗೆ ಟ್ಯೂಮರ್ ಇರಬಹುದಾ ಅಂತ ಭಯ. ಎಂಆರ್‌ಐ ಮಾಡಿಸಲಾ? ಇಂಥ ತಲೆ ಇಟ್ಟುಕೊಂಡು ಸರ್ಜನ್ ಆಗುವ ಆಸೆ ಇಟ್ಟುಕೊಳ್ಳಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದೇ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದೆ. "ಬಂದ ದಿನ ಸಾರಿಡಾನ್ ನುಂಗಿ ಕ್ಲಾಸಿಗೆ ಹೋಗುತ್ತೇನೆ."

ಈ ಸಾಲನ್ನು ಸ್ವಲ್ಪ ಲೆಕ್ಕಕ್ಕೆ ಹಾಕೋಣ. ವಾರಕ್ಕೆ ನಾಲ್ಕು ದಿನ ಅಂದರೆ ತಿಂಗಳಿಗೆ 17 ದಿನದ ಆಸುಪಾಸು. ಸಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್, ಪ್ರೊಪಿಫೆನಜೋನ್, ಕೆಫೀನ್ ಮೂರೂ ಇವೆ. ಇಂಥ ಬೆರಕೆ ಗುಳಿಗೆಗಳನ್ನು ತಿಂಗಳಿಗೆ 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗಿಂತ ಜಾಸ್ತಿ ಕಾಲ ನುಂಗಿ, ತಲೆನೋವು ತಿಂಗಳಿಗೆ 15 ದಿನ ಮುಟ್ಟಿದರೆ ಅದಕ್ಕೆ ಬೇರೆಯದೇ ಹೆಸರಿದೆ. ಔಷಧ ಅತಿಬಳಕೆಯ ತಲೆನೋವು. ಬರೀ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಆದರೆ ಮಿತಿ 15 ದಿನ. ನೀವು ಎರಡೂ ಗೆರೆ ದಾಟಿದ್ದೀರಿ. ನೋವಿಗೆ ಅಂತ ನುಂಗಿದ್ದೇ ಈಗ ನೋವನ್ನು ಕರೆದು ತರುತ್ತಿದೆ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಇದು ಚಟ ಅಲ್ಲ. ಮೈಗ್ರೇನ್ ಇರುವ ಮೆದುಳಿಗೆ ಇದೊಂದು ದೌರ್ಬಲ್ಯ. ಬೆನ್ನುನೋವಿಗೆ ಅಂತ ಅದೇ ಗುಳಿಗೆಯನ್ನು ದಿನಾ ನುಂಗುವವರಿಗೆ, ಅವರಿಗೆ ಮೊದಲಿನಿಂದ ತಲೆನೋವಿನ ಸ್ವಭಾವ ಇಲ್ಲದಿದ್ದರೆ, ಈ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ನಿಮ್ಮ ಮೂಲ ಕಾಯಿಲೆ ಮೈಗ್ರೇನ್. ಒಂದೇ ಕಡೆ, ನಾಡಿ ಬಡಿದ ಹಾಗೆ, ಬೆಳಕು ಆಗದು, ವಾಂತಿ, ಪಿಯುಸಿಯಿಂದ. ಇದನ್ನು ಪರೀಕ್ಷೆಯಲ್ಲಿ ಕೇಳಿದ್ದರೆ ನೀವೇ ಎರಡು ನಿಮಿಷದಲ್ಲಿ ಬರೆದು ಮುಗಿಸುತ್ತಿದ್ದಿರಿ. ನಿಮ್ಮದೇ ತಲೆಯಾದ್ದರಿಂದ ಟ್ಯೂಮರ್ ತನಕ ಹೋದಿರಿ. ಎರಡನೇ ವರ್ಷದಲ್ಲಿ ಪೆಥಾಲಜಿ ಪುಸ್ತಕದ ಒಂದೊಂದು ಪಾಠಕ್ಕೂ ಒಂದೊಂದು ಕಾಯಿಲೆ ನಮಗೇ ಬರುತ್ತದೆ, ಗೊತ್ತಲ್ಲ. ನನಗೆ ಆ ವರ್ಷ ಮೂರು ಸಲ ಲಿಂಫೋಮಾ ಅನ್ನುವ ಕ್ಯಾನ್ಸರ್ ಆಗಿತ್ತು.

ಗೆಳತಿಯರ "ಟೆನ್ಷನ್" ಮಾತಿಗೆ ಬರುತ್ತೇನೆ. ಟೆನ್ಷನ್ ತಲೆನೋವು ಅಂತ ಒಂದಿದೆ, ಅದು ಬೇರೆ. ಎರಡೂ ಕಡೆ, ಪಟ್ಟಿ ಬಿಗಿದ ಹಾಗೆ, ಒತ್ತಿದ ಹಾಗೆ. ಮೆಟ್ಟಿಲು ಹತ್ತಿದರೆ ಜಾಸ್ತಿ ಆಗುವುದಿಲ್ಲ, ವಾಂತಿ ಇಲ್ಲ. ಅದನ್ನು ಹೊತ್ತುಕೊಂಡು ಕ್ಲಾಸಿನಲ್ಲಿ ಕೂರಬಹುದು. ಮೈಗ್ರೇನ್ ಬಂದವರಿಗೆ ಲೈಬ್ರರಿಯ ಮೆಟ್ಟಿಲು ಹತ್ತುವುದೇ ಶಿಕ್ಷೆ. ಒಂದು ಸುಲಭ ಗುರುತು ಹೇಳುತ್ತೇನೆ. ತಲೆನೋವಿನ ಜೊತೆ ಹೊಟ್ಟೆ ತೊಳಸುವುದು, ಬೆಳಕು ಆಗದಿರುವುದು, ಕೆಲಸ ನಿಲ್ಲಿಸಬೇಕಾಗುವುದು, ಈ ಮೂರರಲ್ಲಿ ಎರಡು ಇದ್ದರೆ ಮೈಗ್ರೇನ್ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ನಿಮಗೆ ಮೊದಲ ಎರಡಂತೂ ಇವೆ.

ಅವ್ವನ "ಪಿತ್ತ" ಇದಕ್ಕಿಂತ ಹತ್ತಿರ. ನಮ್ಮ ಕಡೆ ಅರ್ಧ ತಲೆನೋವಿಗೆ ಪಿತ್ತ ಅನ್ನುವುದು ಹಳೆಯ ರೂಢಿ. "ವಾಂತಿ ಆದ್ರ ಹಗುರ ಆಗತೈತಿ" ಅಂತ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ನನಗೆ ಹೇಳಿದ್ದಾರೆ. ಅದು ನಿಜ ಕೂಡ. ಎಷ್ಟೋ ಜನರಿಗೆ ವಾಂತಿಯಾದ ಮೇಲೆ ನೋವು ಇಳಿಯುತ್ತದೆ. ತಪ್ಪಿದ್ದು ಹಿಂದು ಮುಂದು ಮಾತ್ರ. ಹೊಟ್ಟೆ ಕೆಟ್ಟು ತಲೆ ನೋಯುವುದಿಲ್ಲ, ತಲೆ ಶುರು ಮಾಡಿ ಹೊಟ್ಟೆಯನ್ನು ನಿಲ್ಲಿಸುತ್ತದೆ. ಮೈಗ್ರೇನ್ ಹೊತ್ತಿನಲ್ಲಿ ಜಠರ ನಿಧಾನವಾಗುತ್ತದೆ. ನುಂಗಿದ ಗುಳಿಗೆ ಅಲ್ಲೇ ಕೂತಿರುತ್ತದೆ. "ಒಂದು ತಗೊಂಡೆ, ಹತ್ತಲಿಲ್ಲ, ಇನ್ನೊಂದು ತಗೊಂಡೆ" ಅನ್ನುವ ಕತೆಯ ಗುಟ್ಟು ಇದೇ.

ಈಗ ನೀವು ನೇರವಾಗಿ ಕೇಳದ, ಆದರೆ ಪತ್ರದ ತುಂಬ ಇರುವ ಪ್ರಶ್ನೆ. ಗೊತ್ತಿದ್ದ ಉತ್ತರ ಯಾಕೆ ನೆನಪಾಗಲಿಲ್ಲ?

ತಲೆನೋವಿನಿಂದ ಎಷ್ಟು ದಿನ ಹೋಯಿತು ಅಂತ ಕೇಳಿದರೆ ವಿದ್ಯಾರ್ಥಿಗಳು ರಜೆ ಹಾಕಿದ ದಿನ ಎಣಿಸುತ್ತಾರೆ. "ಸರ್, ಎರಡೇ ದಿನ." ಮೆಡಿಕಲ್ ಹುಡುಗರು ರಜೆ ಹಾಕುವುದೇ ಕಡಿಮೆ. ಥಿಯರಿಗೆ 75%, ಪ್ರಾಕ್ಟಿಕಲ್‌ಗೆ 80% ಹಾಜರಿ ಬೇಕು. ಜ್ವರ ಬಂದರೆ ಥರ್ಮಾಮೀಟರ್ ತೋರಿಸಬಹುದು, ಕಾಲು ಮುರಿದರೆ ಪ್ಲಾಸ್ಟರ್ ತೋರಿಸಬಹುದು. ತಲೆನೋವಿಗೆ ತೋರಿಸಲು ಏನೂ ಇಲ್ಲ. ಹಾಗಾಗಿ ಹೋಗಿ ಕೂರುತ್ತಾರೆ. ದೇಹ ಮೂರನೇ ಬೆಂಚಿನಲ್ಲಿ, ತಲೆ ಎಲ್ಲೋ. ಹಾಜರಿ ಪೂರ್ತಿ, ನೋಟ್ಸ್ ಖಾಲಿ. ನಷ್ಟ ಆಗುವುದು ಇಲ್ಲಿ, ರಿಜಿಸ್ಟರ್‌ನಲ್ಲಿ ಕಾಣದ ಕಡೆ.

ಮೈಗ್ರೇನ್ ಅಂದರೆ ಬರೀ ನೋವಿನ ಹೊತ್ತೂ ಅಲ್ಲ. ಔಷಧವಿಲ್ಲದೆ ಬಿಟ್ಟರೆ ನೋವೇ 4ರಿಂದ 72 ಗಂಟೆ. ಅದಕ್ಕೂ ಮುಂಚೆ, ಕೆಲವರಿಗೆ ಹಿಂದಿನ ದಿನವೇ, ಆಕಳಿಕೆ, ಕುತ್ತಿಗೆ ಬಿಗಿತ, ಸಿಡಿಮಿಡಿ, ಏನೋ ತಿನ್ನಬೇಕು ಅನ್ನುವ ಆಸೆ. ನೋವು ಹೋದ ಮೇಲೆ ಇನ್ನೊಂದು ದಿನ ತಲೆ ಸೋಸಿದ ಹಾಗೆ ಖಾಲಿ. ಓದಿದ್ದು ಹತ್ತುವುದಿಲ್ಲ, ಪದ ಸಿಗುವುದಿಲ್ಲ. ನಿಮ್ಮ ಇಂಟರ್ನಲ್ಸ್ ಬಹುಶಃ ಈ ಖಾಲಿ ದಿನಕ್ಕೆ ಬಿದ್ದಿತ್ತು. ಇದರ ಮೇಲೆ ಇನ್ನೊಂದು ತೆರಿಗೆ ಇದೆ, ಭಯದ್ದು. ನಾಳೆ ಬಂದರೆ? ವೈವಾ ದಿನ ಬಂದರೆ? ಈ ಭಯಕ್ಕೇ ಎಷ್ಟೋ ಜನ ನೋವು ಶುರುವಾಗುವ ಮುಂಚೆಯೇ ಗುಳಿಗೆ ನುಂಗುತ್ತಾರೆ. ನೀವೂ ನುಂಗಿರಬಹುದು, ಬರೆದಿಲ್ಲ ಅಷ್ಟೇ.

ನೀವು ಒಬ್ಬರೇ ಅಲ್ಲ ಅನ್ನುವುದಕ್ಕೆ ಒಂದು ಅಂಕಿ ಕೊಡುತ್ತೇನೆ. ನಿಮ್ಹಾನ್ಸ್‌ನ ತಂಡವೊಂದು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಜನರನ್ನು ಮನೆಮನೆಗೆ ಹೋಗಿ ಮಾತನಾಡಿಸಿತ್ತು. 2015ರಲ್ಲಿ ಅದು ಪ್ರಕಟವಾಯಿತು. ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಬಂದವರು 63.9%. ಮೈಗ್ರೇನ್ 25.2%. ಅದೇ ಲೆಕ್ಕ ಹಿಡಿದರೆ 150 ಜನರ ನಿಮ್ಮ ಬ್ಯಾಚಿನಲ್ಲಿ ಮೂವತ್ತಕ್ಕಿಂತ ಜಾಸ್ತಿ ಜನ ಇದೇ ಪಾಡು ಪಡುತ್ತಿರಬಹುದು. ಹೆಣ್ಣುಮಕ್ಕಳಲ್ಲಿ ಇನ್ನೂ ಜಾಸ್ತಿ. ಹುಬ್ಬಳ್ಳಿ, ಸತ್ತೂರು, ಗದಗ, ಹಾವೇರಿ, ಎಲ್ಲ ಕಾಲೇಜುಗಳ ಮಕ್ಕಳೂ ನನ್ನ ಹತ್ತಿರ ಬರುತ್ತಾರೆ. ಆದರೆ ಬರುವುದು ಎರಡು ವರ್ಷ ತಾವೇ ಔಷಧ ಮಾಡಿಕೊಂಡ ಮೇಲೆ. ಆಸ್ಪತ್ರೆಯೊಳಗೇ ಇರುತ್ತಾರೆ, ಓಪಿಡಿ ಚೀಟಿ ಮಾಡಿಸುವುದಿಲ್ಲ. ಕಾರಿಡಾರಿನಲ್ಲಿ ಸೀನಿಯರ್ ಸಿಕ್ಕಾಗ "ಸರ್, ತಲೆನೋವಿಗೆ ಯಾವುದು ತಗೊಳ್ಳಲಿ?" ಅಂತ ಕೇಳುತ್ತಾರೆ. ಅವರೂ ನಡೆಯುತ್ತಲೇ ಒಂದು ಹೆಸರು ಹೇಳುತ್ತಾರೆ. ಇದನ್ನು ಚಿಕಿತ್ಸೆ ಅನ್ನಲು ಬರುವುದಿಲ್ಲ.

ನಾನೂ ಹಾಗೇ ಇದ್ದೆ. ಫೈನಲ್ ಇಯರ್‌ನಲ್ಲಿ ಒಂದು ಕೇಸ್ ಹೇಳುವಾಗ ತಲೆ ಸಿಡಿಯುತ್ತಿತ್ತು. ಮಧ್ಯದಲ್ಲೇ ಓಡಿ ಹೋಗಿ ವಾರ್ಡಿನ ಹಿಂದೆ ವಾಂತಿ ಮಾಡಿ ಬಂದೆ. "ಇಷ್ಟಕ್ಕೇ ಹಿಂಗಾದರೆ ಡಾಕ್ಟರ್ ಹೆಂಗ ಆಗ್ತಿ?" ಅಂದರು ಅಲ್ಲಿದ್ದ ಹಿರಿಯರೊಬ್ಬರು. ಆ ಮಾತು ಕೇಳಿದ ಮೇಲೆ ಮೂರು ವರ್ಷ ಯಾರಿಗೂ ಹೇಳಲಿಲ್ಲ. ನಿಮ್ಮ ಪತ್ರದ ಕೊನೆಯ ಪ್ರಶ್ನೆ ಓದಿದಾಗ ಆ ವಾರ್ಡಿನ ಫಿನಾಯಿಲ್ ವಾಸನೆ ಮತ್ತೆ ಬಂತು.

ಟ್ಯೂಮರ್ ಮತ್ತು ಎಂಆರ್‌ಐ. ವರ್ಷಗಳಿಂದ ಒಂದೇ ನಮೂನೆಯಲ್ಲಿ ಬರುವ, ಮಧ್ಯೆ ಪೂರ್ತಿ ಬಿಡುವ ತಲೆನೋವು, ನರಗಳ ಪರೀಕ್ಷೆ ಸರಿ ಇದೆ ಅಂದರೆ ಎಂಆರ್‌ಐ ಬೇಕಾಗಿಲ್ಲ. ಸುಮ್ನೆ ಮಾಡಿಸಿದರೆ ಏನಾಗುತ್ತದೆ ಗೊತ್ತಾ? ಮೈಗ್ರೇನ್ ಇರುವ ಕೆಲವರ ಮೆದುಳಿನಲ್ಲಿ ಸಣ್ಣ ಬಿಳಿ ಚುಕ್ಕೆಗಳು ಕಾಣುತ್ತವೆ. ಸಾಮಾನ್ಯವಾಗಿ ಅವುಗಳಿಂದ ತೊಂದರೆ ಇಲ್ಲ. ಆದರೆ ರಿಪೋರ್ಟಿನಲ್ಲಿ ಅವು ಬರುತ್ತವೆ. ರಾತ್ರಿ ನೀವು ಅದನ್ನು ಫೋನಿನಲ್ಲಿ ಹುಡುಕುತ್ತೀರಿ. ಆಮೇಲೆ ನಿದ್ದೆ ಇಲ್ಲ.

ಆದರೆ ನಿಮ್ಮ ತಲೆನೋವು ನಾಲ್ಕು ತಿಂಗಳಿಂದ ಬದಲಾಗಿದೆ. ಹಾಗಾಗಿ ಮುಖಾಮುಖಿ ಪರೀಕ್ಷೆ ಆಗಲೇಬೇಕು, ಪತ್ರದಲ್ಲಿ ಆಗದು. ಬಿಪಿ ನೋಡಬೇಕು, ಹಿಮೋಗ್ಲೋಬಿನ್ ನೋಡಬೇಕು. ಮುಖ್ಯವಾಗಿ ಕಣ್ಣಿನ ಒಳಪರದೆ ನೋಡಿಸಬೇಕು. ನಿಮ್ಮದೇ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಬೇಗ ಆಗುವ ಕೆಲಸ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಅಕ್ಷರ ಮಸುಕಾಗುತ್ತದೆ, ಟೆಸ್ಟ್ ಹಿಂದಿನ ದಿನ ಹೋಗಬೇಡಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ, ಅದರಲ್ಲೂ ತೂಕ ಏರಿದವರಲ್ಲಿ, ಗಡ್ಡೆ ಇಲ್ಲದೆಯೂ ತಲೆಯೊಳಗಿನ ಒತ್ತಡ ಏರುವ ಒಂದು ಕಾಯಿಲೆ ಇದೆ. ಬಗ್ಗಿದಾಗ, ಎದ್ದಾಗ ಒಂದೆರಡು ಕ್ಷಣ ಕಣ್ಣು ಕತ್ತಲಾಗುತ್ತದೆ, ಕಿವಿಯಲ್ಲಿ ನಾಡಿಯ ಜೊತೆ ಸದ್ದು ಬರುತ್ತದೆ. ಹಾಸ್ಟೆಲ್‌ನಲ್ಲಿ ಮೊಡವೆಗೆ ಅಂತ ನುಂಗುವ ಡಾಕ್ಸಿಸೈಕ್ಲಿನ್, ಐಸೋಟ್ರೆಟಿನಾಯಿನ್ ಇದನ್ನು ತರಬಹುದು. ನೀವು ಮೊಡವೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ. ಅದನ್ನು ಔಷಧ ಅಂತ ಯಾರೂ ಎಣಿಸುವುದೇ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ತಡ ಮಾಡದೆ ಕ್ಯಾಷುವಾಲ್ಟಿಗೆ ಓಡಬೇಕಾದ ತಲೆನೋವುಗಳು. ಒಂದು ನಿಮಿಷದೊಳಗೆ ಸಿಡಿಲು ಬಡಿದ ಹಾಗೆ ತುದಿಗೇರುವುದು. ಜ್ವರ, ಕುತ್ತಿಗೆ ಸೆಟೆತ ಇರುವುದು. ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್, ಎರಡೆರಡು ಕಾಣುವುದು. ಮಲಗಿದರೆ, ಕೆಮ್ಮಿದರೆ ಜೋರಾಗಿ, ದಿನದಿಂದ ದಿನಕ್ಕೆ ಏರುತ್ತಲೇ ಹೋಗುವುದಾದರೆ ಅದೇ ವಾರ ತೋರಿಸಿ.

ಇನ್ನೊಂದು ಮಾತು. ನೋವಿನ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಬೆಳಕಿನ ಗೆರೆ ಬಂದು 5ರಿಂದ 60 ನಿಮಿಷ ಇದ್ದು ಹೋಗುತ್ತದಾ? ಅದು ಔರಾ. ಅದಿದ್ದವರು ಪಿಸಿಓಡಿಗೆ (ಅಂಡಾಶಯದ ತೊಂದರೆಗೆ) ಕೊಡುವ ಈಸ್ಟ್ರೋಜನ್ ಇರುವ ಗುಳಿಗೆ ತೆಗೆದುಕೊಳ್ಳಬಾರದು, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಸ್ತ್ರೀರೋಗ ತಜ್ಞರಿಗೆ ನಿಮ್ಮ ತಲೆನೋವಿನ ವಿಷಯ ಗೊತ್ತಿರುವುದಿಲ್ಲ, ನೀವೇ ಹೇಳಬೇಕು.

ಮಾಡಬೇಕಾದ್ದು ಏನು? ಮೊದಲ ಕೆಲಸ ಸಾರಿಡಾನ್ ನಿಲ್ಲಿಸುವುದು. ಪೂರ್ತಿ, ಒಂದೇ ಸಲ. ಸ್ವಲ್ಪ ಸ್ವಲ್ಪ ಇಳಿಸುವ ಅಗತ್ಯ ಈ ಗುಳಿಗೆಗೆ ಇಲ್ಲ. (ಅಫೀಮಿನ ಗುಂಪಿನ ಟ್ರಮಡಾಲ್‌ನಂಥದ್ದು ನುಂಗುತ್ತಿದ್ದರೆ ಮಾತು ಬೇರೆ, ಆಗ ಡಾಕ್ಟರ್ ಕೈಯಲ್ಲೇ ಇಳಿಸಬೇಕು.) ನಿಲ್ಲಿಸಿದ ಮೇಲೆ 2ರಿಂದ 10 ದಿನ ಕಷ್ಟ. ನೋವು ಜಾಸ್ತಿ ಆಗುತ್ತದೆ, ಹೊಟ್ಟೆ ತೊಳಸುತ್ತದೆ, ನಿದ್ದೆ ಕೆಡುತ್ತದೆ. ಗುಳಿಗೆಯೊಳಗಿನ ಕೆಫೀನ್ ತಪ್ಪಿದ್ದಕ್ಕೂ ಇದರಲ್ಲಿ ಪಾಲಿದೆ. ಅದಕ್ಕೇ ಪರೀಕ್ಷೆ ವಾರದಲ್ಲಿ ಶುರು ಮಾಡಬೇಡಿ. ಆ ಕೆಲವು ದಿನಕ್ಕೆ ನಿಮ್ಮ ಡಾಕ್ಟರ್ ಬೇರೆ ನೋವಿನ ಔಷಧ, ವಾಂತಿಯ ಔಷಧ ಕೊಟ್ಟು ಸೇತುವೆ ಕಟ್ಟಬಹುದು.

ಜೊತೆಗೇ ತಡೆಯುವ ಔಷಧ ಶುರುವಾಗಬೇಕು. ತಿಂಗಳಿಗೆ ನಾಲ್ಕಕ್ಕಿಂತ ಜಾಸ್ತಿ ದಿನ ನೋವಿದ್ದರೆ ಇದರ ಬಗ್ಗೆ ಯೋಚಿಸುತ್ತೇವೆ, ನಿಮ್ಮದು ಎಷ್ಟೋ ಮುಂದೆ ಹೋಗಿದೆ. ಇಲ್ಲಿ ವಿದ್ಯಾರ್ಥಿಗಳ ಕಷ್ಟ ಬೇರೆ, ಪುಸ್ತಕದಲ್ಲಿ ಒಂದೇ ಪಟ್ಟಿ ಇರುತ್ತದೆ. ಪ್ರೊಪ್ರನಲಾಲ್ ಒಳ್ಳೆಯದು, ಆದರೆ ಉಬ್ಬಸ ಇದ್ದವರಿಗೆ ಬೇಡ. ಅಮಿಟ್ರಿಪ್ಟಿಲಿನ್ ರಾತ್ರಿ 10 ಮಿಲಿಗ್ರಾಂನಿಂದ ಶುರು ಮಾಡುತ್ತೇವೆ. ನಿದ್ದೆ ಕೂಡಿಸುತ್ತದೆ, ಆದರೆ ಮೊದಲ ವಾರ ಬೆಳಗಿನ 8ರ ಕ್ಲಾಸಿನಲ್ಲಿ ತೂಕಡಿಕೆ ಖಾತ್ರಿ. ರಾತ್ರಿ 11ಕ್ಕೆ ಬದಲು 8ಕ್ಕೇ ನುಂಗಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಫ್ಲುನರಿಜಿನ್ ತೂಕ ಏರಿಸುತ್ತದೆ, ಮನಸ್ಸು ಮಂಕಾಗಿರುವವರಿಗೆ ನಾನು ಕೊಡುವುದಿಲ್ಲ. ಟೊಪಿರಮೇಟ್ ತೂಕ ಇಳಿಸುತ್ತದೆ ಅಂತ ಕೆಲವರು ಕೇಳಿಕೊಂಡೇ ಬರುತ್ತಾರೆ. ಅದು ಬಾಯಿಗೆ ಬಂದ ಪದವನ್ನು ಕಸಿದುಕೊಳ್ಳುತ್ತದೆ. ವೈವಾ ಇರುವವರಿಗೆ ಇದಕ್ಕಿಂತ ಕೆಟ್ಟದ್ದು ಬೇಕಾ? ಬಸಿರಿನಲ್ಲಿ ಮಗುವಿಗೂ ಅಪಾಯ. ವ್ಯಾಲ್ಪ್ರೊಯೇಟ್ ಅಂತೂ ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಿಗೆ ಬೇಡವೇ ಬೇಡ. ಯಾವುದೇ ಆಗಲಿ, ಹತ್ತಿತಾ ಇಲ್ಲವಾ ಅಂತ ಹೇಳಲು 6ರಿಂದ 8 ವಾರ ಬೇಕು. ಹತ್ತು ದಿನ ನುಂಗಿ "ಉಪಯೋಗ ಇಲ್ಲ ಸರ್" ಅಂತ ಬಿಟ್ಟವರೇ ಜಾಸ್ತಿ.

ಆಮೇಲೂ ಆಗಾಗ ನೋವು ಬರುತ್ತದೆ. ಬಂದಾಗ ಬೇಗ, ಪೂರ್ತಿ ಡೋಸ್. ಉಬ್ಬಸ, ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇಲ್ಲದವರಿಗೆ ನ್ಯಾಪ್ರೊಕ್ಸೆನ್ 500 ಅಥವಾ ಐಬುಪ್ರೊಫೆನ್ 400 ಮಿಲಿಗ್ರಾಂ, ಇಲ್ಲವೇ ಪ್ಯಾರಾಸಿಟಮಾಲ್ 1000. ವಾಂತಿ ಬರುವ ಹಾಗಿದ್ದರೆ ಜಠರವನ್ನು ಓಡಿಸುವ ಡೊಂಪೆರಿಡೋನ್ ಜೊತೆಗೆ, ಡಾಕ್ಟರ್ ಹೇಳಿದ್ದರೆ. ಇವಕ್ಕೆ ಬಗ್ಗದಿದ್ದರೆ ಸುಮಾಟ್ರಿಪ್ಟಾನ್‌ನಂಥವು ಇವೆ, ಡಾಕ್ಟರ್ ಚೀಟಿ ಬೇಕು. ನಾಲ್ಕು ಗಂಟೆ ಹಲ್ಲು ಕಚ್ಚಿ ತಡೆದು, ಆಮೇಲೆ ಅರ್ಧ ಗುಳಿಗೆ ನುಂಗುವುದು ವೀರತನ ಅಲ್ಲ. ನಿಂತ ಜಠರಕ್ಕೆ ಔಷಧ ಸುರಿದ ಹಾಗೆ. ಆದರೆ ವಾರಕ್ಕೆ ಎರಡು ದಿನ, ಅದರ ಮೇಲೆ ಇಲ್ಲ.

ದಿನಚರಿಯ ಉಪದೇಶ ನಿಮಗೆ ಸಾಕಷ್ಟು ಸಿಕ್ಕಿರುತ್ತದೆ. ನಾನು ಮೂರೇ ವಿಷಯ ಹೇಳುತ್ತೇನೆ. ಬೆಳಗಿನ ತಿಂಡಿ ಬಿಡಬೇಡಿ. ಮೆಸ್ಸಿನ ಉಪ್ಪಿಟ್ಟು ನೋಡಿದರೆ ಬಿಡುವ ಮನಸ್ಸಾಗುತ್ತದೆ, ಒಪ್ಪುತ್ತೇನೆ. ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ರೂಮಿನಲ್ಲಿರಲಿ, ಕ್ಲಾಸಿಗೆ ಓಡುವ ಮುಂಚೆ ಒಂದು ಮುರಿದು ತಿನ್ನಿ. ಸೋಮವಾರದ ಉಪವಾಸ ಮಾಡುವವರಾದರೆ ಹಣ್ಣು ಹಾಲಿನ ಉಪವಾಸ ಮಾಡಿ, ನಿರಾಹಾರ ಬೇಡ.

ಎರಡನೆಯದು ಭಾನುವಾರ. ವಾರವಿಡೀ ಐದು ಗಂಟೆ ನಿದ್ದೆ, ಭಾನುವಾರ 11ರ ತನಕ. ಎದ್ದ ಕೂಡಲೇ ತಲೆನೋವು. "ವಿಶ್ರಾಂತಿ ತಗೊಂಡ್ರೂ ಬಂತಲ್ಲ!" ಬರುತ್ತದೆ. ಬೆಳಗ್ಗೆ 7ಕ್ಕೆ ಬೀಳುತ್ತಿದ್ದ ಕಾಫಿ ಅಂದು ಬಿದ್ದಿಲ್ಲ, ನಿದ್ದೆಯ ಗಡಿಯಾರ ನಾಲ್ಕು ಗಂಟೆ ಜರುಗಿದೆ, ವಾರದ ಒತ್ತಡ ಒಮ್ಮೆಲೇ ಇಳಿದಿದೆ. ಮೈಗ್ರೇನ್ ತಲೆಗೆ ಕಷ್ಟಕ್ಕಿಂತ ಹೆಚ್ಚಾಗಿ ಬದಲಾವಣೆಯೇ ಆಗಿಬರುವುದಿಲ್ಲ. ಏಳುವ ಹೊತ್ತು ಏಳೂ ದಿನ ಒಂದೇ ಇರಲಿ, ಮಧ್ಯಾಹ್ನ ಬೇಕಾದರೆ ಅರ್ಧ ಗಂಟೆ ಮಲಗಿ. ಕಾಫಿ ದಿನಕ್ಕೆ ಎರಡು ಲೋಟ, ಸಂಜೆಯ ಮೇಲೆ ಬೇಡ.

ಮೂರನೆಯದು, ಕಂಡದ್ದಕ್ಕೆಲ್ಲ ತಪ್ಪು ಹೊರಿಸಬೇಡಿ. ಗಿರ್ಮಿಟ್ ಮಿರ್ಚಿ ತಿಂದೆ, ರಾತ್ರಿ ತಲೆನೋವು ಬಂತು, ಮಿರ್ಚಿ ಬಿಟ್ಟೆ ಅನ್ನುವವರು ಬಹಳ. ಮುಂಚಿನ ದಿನ ಏನೋ ತಿನ್ನುವ ಆಸೆಯಾಗುತ್ತದೆ ಅಂದೆನಲ್ಲ? ಮಿರ್ಚಿ ತಿನ್ನಿಸಿದ್ದೇ ಮೈಗ್ರೇನ್ ಇರಬಹುದು. ವಾಸನೆಯ ಮಾತು ಮಾತ್ರ ನಿಜ. ಫಾರ್ಮಲಿನ್, ಓಟಿಯ ಸ್ಪಿರಿಟ್, ರೂಮ್‌ಮೇಟ್‌ಳ ಸೆಂಟು. ನಿಮ್ಮ ಊರಿನ ಮಾರುಕಟ್ಟೆಯೂ ಅಷ್ಟೇ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರು, ಖಾರಕ್ಕಲ್ಲ. ಆದರೂ ಸುಗ್ಗಿಯಲ್ಲಿ ಚೀಲಗಳ ನಡುವೆ ಹಾದು ಹೋದರೆ ಮೈಗ್ರೇನ್ ಇದ್ದವರಿಗೆ ಅಷ್ಟೇ ಸಾಕು.

ಮನಸ್ಸಿನ ಬಗ್ಗೆ ನೀವು ಏನೂ ಬರೆದಿಲ್ಲ. ತಿಂಗಳಿಗೆ ಹದಿನೇಳು ದಿನ ನೋವು ಇದ್ದವರಲ್ಲಿ ಬೇಸರ, ಅಳು, ಯಾವುದೂ ಬೇಡ ಅನ್ನುವ ಭಾವ ಸಾಮಾನ್ಯ. ಹಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಔಷಧದ ಆಯ್ಕೆಯೇ ಬದಲಾಗುತ್ತದೆ. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೇ ಮಾತನಾಡಬಹುದು.

ಸರ್ಜರಿ? ಆಗಬಹುದು. ಮೈಗ್ರೇನ್ ಇಟ್ಟುಕೊಂಡೇ ದಿನಾ ಆಪರೇಷನ್ ಮಾಡುವವರು ನನಗೆ ಗೊತ್ತು. ಅವರು ಓಟಿಗೆ ಹೋಗುವ ಮುಂಚೆ ತಿನ್ನುತ್ತಾರೆ, ನೀರು ಕುಡಿಯುತ್ತಾರೆ, ಹೆಡ್‌ಲೈಟ್ ಪಟ್ಟಿ ಸಡಿಲ ಕಟ್ಟುತ್ತಾರೆ, ಜೇಬಿನಲ್ಲಿ ತಮ್ಮ ಔಷಧ ಇಟ್ಟುಕೊಂಡಿರುತ್ತಾರೆ. ಜೊತೆಯವರಿಗೆ ಹೇಳಿಯೂ ಇರುತ್ತಾರೆ. ಕೊನೆಯದು ನನಗೆ ಕಲಿಯಲು ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಈ ವಾರ ಓಪಿಡಿ ಚೀಟಿ ಮಾಡಿಸಿ, ಕಾರಿಡಾರಿನಲ್ಲಿ ಕೇಳಬೇಡಿ, ಎದುರಿಗೆ ಕೂತು ಹೇಳಿ. ಹೋಗುವಾಗ ಒಂದು ಹಾಳೆಯಲ್ಲಿ ಕಳೆದ ತಿಂಗಳ ತಾರೀಖು ಬರೆದು, ನೋವಿದ್ದ ದಿನಕ್ಕೆ ಒಂದು ಚುಕ್ಕೆ, ಗುಳಿಗೆಗೆ ಒಂದು ಗೆರೆ, ಮುಟ್ಟಿನ ದಿನಕ್ಕೆ ಒಂದು ಸುತ್ತು ಹಾಕಿಕೊಂಡು ಹೋಗಿ. ಮುಂದಿನ ಇಂಟರ್ನಲ್ಸ್ ಮುಗಿದ ಸಂಜೆ ಉಳಿದ ಸ್ಟ್ರಿಪ್ಪನ್ನು ರೂಮ್‌ಮೇಟ್ ಕೈಗೆ ಕೊಟ್ಟುಬಿಡಿ. ಅವಳ ಡ್ರಾಯರ್‌ನಲ್ಲೂ ಒಂದು ಸ್ಟ್ರಿಪ್ ಇರುತ್ತದೆ. ತಿಂಗಳಿಗೆ ಎಷ್ಟು ಆಗುತ್ತದೆ ಅಂತ ಎಣಿಸಲು ಅವಳಿಗೂ ಹೇಳಿ.